ಚಾಪೆಯ ಕೆಳಗಿನ ನೀರು

ರಂಗಮ್ಮನ ಮಗ್ಗದ ಗುಂಡಿಯಲ್ಲಿ ಮೊಣಕಾಲುದ್ದ ನೀರು. ಕಾಲಿಟ್ಟು ತುಳಿಯುವ ಜಾಗದಲ್ಲಿ ಕಪ್ಪೆ ಈಜುತ್ತಿತ್ತು. ಚೊಂಬಿನಲ್ಲಿ ಮೊಗೆದು ಮೊಗೆದು ಸೋತ ಕೈಯಲ್ಲೇ ಅವಳು ಅವತ್ತು ಕೋರ್ಟಿಗೆ ಹೊರಟಳು. ಬೀದಿಯವರೆಲ್ಲ ಜೊತೆಗೆ ಹೊರಟೆವು.

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಗೆ ಕೆರೆ ನೀರು ಹೊಸದಲ್ಲ. ಮಳೆ ಜೋರಾದರೆ ಪಕ್ಕದ ಪಾರ್ಕಿನಲ್ಲಿ ಹರಡಿ, ನಮ್ಮ ಗುಂಡಿಗಳಲ್ಲಿ ಗೇಣುದ್ದ ನಿಂತು ಇಳಿಯುತ್ತಿತ್ತು. ಈಗ ಉದ್ಯಾನ ಸಮಿತಿಯವರು ಪ್ರವಾಹ ತಡೆಯುತ್ತೇವೆಂದು ಪಾರ್ಕಿಗೆ ಆಳೆತ್ತರ ಮಣ್ಣು ಸುರಿದು ಗೋಡೆ ಕಟ್ಟುತ್ತಿದ್ದಾರೆ. ಆಚೆಯ ಬಡಾವಣೆಯವರ ಕಾಲು ನೆನೆಯದು. ನೀರೆಲ್ಲ ನಮ್ಮ ಕಡೆಗೆ. ಸಮಿತಿಯ ಅಧ್ಯಕ್ಷರು ಶಿವರುದ್ರಸ್ವಾಮಿ. ನಮಗೆ ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾಹುಕಾರರೂ ಅವರೇ. ಅವರ ಮನೆ ಆ ಬಡಾವಣೆಯಲ್ಲೇ. ಗೋಡೆ ನಿಲ್ಲಿಸಿ ಎಂದು ಬೀದಿಯವರೆಲ್ಲ ಸೇರಿ ಕೇಸು ಹಾಕಿದ್ದೆವು.

ಕೋರ್ಟಿನಲ್ಲಿ ಅವರ ವಕೀಲರು ಒಂದು ಕಂತೆ ಕಾಗದ ತೆಗೆದರು. ಎರಡು ವರ್ಷದ ಹಿಂದೆ ಸಮಿತಿಯವರು ನಮ್ಮ ಮನೆಮನೆಗೆ ಬಂದು ಮಾಡಿದ ಸರ್ವೆ. ಮನೆಗೆ ನೀರು ಬರುತ್ತದೆಯೇ? ಇಲ್ಲ. ಮೂವತ್ತಾರು ಮನೆ, ಮೂವತ್ತಾರು ಸಹಿ. ನನ್ನದೂ ಇತ್ತು.

ಸರ್ವೆಯ ದಿನ ಸಾಹುಕಾರರೇ ಜೊತೆಗೆ ಬಂದಿದ್ದರು. ತೇವದ ಮನೆಗೆ ಅವರು ರೇಷ್ಮೆ ಕೊಡುವುದಿಲ್ಲ. ಅದಕ್ಕೇ ನಾವೆಲ್ಲ ಗುಂಡಿಗೆ ಹಲಗೆ ಮುಚ್ಚಿ, ಚಾಪೆ ಹಾಸಿ, ನಗುನಗುತ್ತ ಉತ್ತರ ಕೊಟ್ಟಿದ್ದೆವು. ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದರು. ಥೂ!

"ಇದು ನಿಮ್ಮ ಸಹಿಯೇನಮ್ಮಾ?" ನ್ಯಾಯಾಧೀಶರು ರಂಗಮ್ಮನನ್ನು ಕೇಳಿದರು.

"ನಂದೇ ಸಾ. ಆದ್ರೆ ಅವತ್ತು ನಾ ಸುಳ್ಳೇಳಿದ್ದೆ."

ಸಾಹುಕಾರರು ತಿರುಗಿ ನೋಡಿದರು. ರಂಗಮ್ಮನ ಹಿಂದೆ ನಿಂತಿದ್ದ ಗಂಡ ಚೌಡಯ್ಯ ಪಿಸುಗುಟ್ಟಿದ, "ಸುಮ್ಕಿರಮ್ಮಿ, ನಾಳಿಂದ ರೇಷ್ಮೆ ಕೊಡಕಿಲ್ಲ."

"ನೀರೊಳ್ಗೆ ಕೂತ್ಕಂಡು ಯಾರ್ಗೆ ನೇಯ್ತೀಯ? ಕಪ್ಪೆಗಾ?"

ಕೋರ್ಟಿನಲ್ಲಿ ಕೆಲವರು ನಕ್ಕರು. ಮುಂದಿನ ವಾಯಿದೆ ಮೂರು ತಿಂಗಳಿಗೆ ಬಿತ್ತು. ಅಲ್ಲಿಯವರೆಗೆ ಗೋಡೆಗೆ ತಡೆಯಿಲ್ಲ. ನೀರಿಗೂ ಇಲ್ಲ.

ಮರುದಿನ ಬೆಳಿಗ್ಗೆಯೇ ಸಾಹುಕಾರರು ರಂಗಮ್ಮನ ಬಾಗಿಲಿಗೆ ಬಂದರು.

"ತೇವದ ಮನೇಲಿ ನಮ್ಮ ರೇಷ್ಮೆ ಇರ್ಬಾರ್ದು. ತಾ ಇಲ್ಲಿ."

ರಂಗಮ್ಮ ರೇಷ್ಮೆ ಲಡಿಗಳನ್ನು ತಂದಳು. ಕೊಡಲಿಲ್ಲ; ಎದೆಗೆ ಅವುಚಿಕೊಂಡು ನಿಂತಳು.

"ಹಂಗಂತ ಬರ್ಕೊಡಿ ಸಾವ್ಕಾರ್ರೆ. ಈ ಮನೇಗೆ ನೀರು ಬಂದದೆ, ಅದ್ಕೇ ರೇಷ್ಮೆ ತಕಂಡೋಯ್ತಾ ಇವ್ನಿ ಅಂತ. ಕೋರ್ಟ್ಗೆ ಕೊಡ್ತೀವಿ."

ಎದುರು ಮನೆಯ ಸುವರ್ಣಮ್ಮ ತನ್ನ ಗುಂಡಿಯ ಮೇಲಿನ ಚಾಪೆ ಕಿತ್ತು ಬೀದಿಗೆ ಎಸೆದು, ತನ್ನ ಲಡಿಗಳನ್ನು ಹಿಡಿದು ಬಂದಳು. "ನಮ್ಮನೇಗೂ ಬಂದದೆ. ನಮ್ಗೂ ಬರ್ಕೊಡಿ." ನಾನೂ ಬಂದೆ. ಒಂದೊಂದೇ ಬಾಗಿಲು ತೆರೆಯಿತು, ಮೂವತ್ತಾರೂ.

ಸಾಹುಕಾರರ ಜೇಬಿನಲ್ಲಿ ಪೆನ್ನಿತ್ತು. ಅವರು ತೆಗೆಯಲಿಲ್ಲ. ನಾವು ದಾರಿ ಬಿಡಲಿಲ್ಲ.