ಹಗ್ಗದ ಮೇಲಿನ ಒಂಟಿ ಕಾಲುಚೀಲ

ಕಿಟಕಿಯಾಚೆ ಹಗ್ಗದ ಮೇಲೆ ಆ ಒಂಟಿ ಕಾಲುಚೀಲ ತೂಗುತ್ತಿದೆ, ನೀಲಿ, ಟೈಲರ್‌ನದೇ, ಹಿಮ್ಮಡಿಗೆ ಅವನೇ ಹಾಕಿದ ಬಿಳಿ ಹೊಲಿಗೆ, ಜೊತೆಯದು ಕಳೆದು ತಿಂಗಳಾಯಿತು, ಆದರೂ ಹೆಂಡತಿ ಇದನ್ನು ವಾರವಾರ ಒಗೆದು ಹಾಕುತ್ತಾಳೆ, ಇವತ್ತಲ್ಲ ನಾಳೆ ಸಿಗುತ್ತೆ ರೀ, ಸಿಕ್ಕಾಗ ಇದು ಕೊಳಕಾಗಿರಬಾರದು — ಎಲ್ಲಿ ಸಿಗುತ್ತೆ, ಒಗೆಯೋವಾಗ ನೀನೇ ಎಲ್ಲೋ ಬಿಟ್ಟಿದ್ದೀಯ, ಇಲ್ಲಾಂದ್ರೆ ಪಕ್ಕದ ಮನೆ ನಾಯಿ ಹೊತ್ಕೊಂಡು ಹೋಗಿದೆ, ಎಂದು ಅವನು ರೇಗಿದ್ದ, ಪಾಪ, ಅವಳು ಪೊರಕೆ ಹಿಡಿದು ಮಂಚದಡಿ ತೂರಿ ಸೊಂಟ ಹಿಡಿದುಕೊಂಡು ಹೊರಬಂದಿದ್ದಳು — ತಳ್ಳಿ ಭಾವ, ನಿದ್ದೆ ಮಾಡ್ತಿದ್ದೀರಾ, ಇದು ಅವಳ ತಮ್ಮ, ವೈರಿಂಗ್ ಕೆಲಸದಲ್ಲೇ ತಲೆ ನರೆಸಿಕೊಂಡವನು, ಉಳಿ ಹಿಡಿದು ಗೋಡೆ ತಟ್ಟುತ್ತಿದ್ದಾನೆ, ಮೊನ್ನೆಯಷ್ಟೇ ಬಳಿದ ಗೋಡೆ, ಬಣ್ಣ ಅವಳು ಆರಿಸಿದ್ದು. ಗೋಡೆಯೊಳಗೆ ವೈರಿನ ಪೈಪು ನಾನೇ ಕೂರಿಸ್ತೀನಿ ಅಂದವನು ಟೈಲರ್, ಜೀವಮಾನವಿಡೀ ಪೈಜಾಮಕ್ಕೆ ಲಾಡಿ ಪೋಣಿಸಿದ್ದೀನಿ, ಪೈಪಿಗೆ ವೈರು ಪೋಣಿಸೋದು ಏನು ಮಹಾ, ಈಗ ಹೊಸ ಕೋಣೆಯ ಸ್ವಿಚ್ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ವೈರು ಎಳೆಯುವ ಉಕ್ಕಿನ ತಂತಿ ತಳ್ಳುತ್ತಾನೆ, ತಂತಿ ಹೋಗುತ್ತದೆ, ಹೋಗುತ್ತದೆ, ಅಡುಗೆಮನೆಯ ಹತ್ತಿರ ಮೆತ್ತಗೆ ನಿಲ್ಲುತ್ತದೆ. ಮೆತ್ತಗೆ. ಗಾರೆಯಾದರೆ ಟಕ್ ಅನ್ನಬೇಕಲ್ಲ. ಒಡೀಲೇಬೇಕು ಭಾವ — ತಡಿಯಪ್ಪ, ಇನ್ನೊಂದ್ಸಲ ನೋಡೋಣ. ಪೈಪಿಗೆ ಕಿವಿ ಕೊಟ್ಟರೆ ಸದ್ದಿಲ್ಲ, ಗಾರೆ ಹಾಕುವ ಮುಂಚೆ ಅವಳು ಅಡುಗೆಮನೆಯ ತುದಿಯಿಂದ ಟೀ ಬೇಕಾ ಅಂದದ್ದು ಕಿವಿಯೊಳಗೇ ಕೂತು ಹೇಳಿದ ಹಾಗಿತ್ತು, ಈಗ ಬಟ್ಟೆ ತುರುಕಿದಂತೆ — ಬಟ್ಟೆ, ಅಯ್ಯೋ, ಅವತ್ತು ಮೇಸ್ತ್ರಿ ಕರಣೆ ಹಿಡಿದು ಕೂಗಿದ್ದ, ಪೈಪಿನ ಬಾಯಿಗೆ ಏನಾದ್ರೂ ತುರುಕಿ, ಗಾರೆ ಒಳಗೆ ಹೋಗುತ್ತೆ, ಹತ್ತಿರ ಒಂದು ಚಿಂದಿಯಿಲ್ಲ, ಟೈಲರ್ ಮನೆಯಲ್ಲಿ ಚಿಂದಿಯಿಲ್ಲ, ತಾನೇ ಬಗ್ಗಿ, ಎಡಗಾಲಿನಿಂದ ಕಳಚಿ — ಹೆಬ್ಬೆರಳಿಂದ ಒತ್ತಿ ಒತ್ತಿ ತುರುಕಿದ್ದು, ನೀಲಿ. ಈಗ ಗೋಡೆ ಒಡೆದರೆ ಈ ಭಾವಮೈದನ ಕೈಗೇ ಸಿಗುತ್ತದೆ, ಊಟಕ್ಕೆ ಕೂತಾಗೆಲ್ಲ ಇದೇ ಕಥೆ, ಸಾಯೋವರೆಗೂ, ಸತ್ತಮೇಲೂ. ಹಲ್ಲು ಕಚ್ಚಿ ತಳ್ಳಿದ, ಮೊಣಕಾಲು ಗೋಡೆಗೆ ಊರಿ ತಳ್ಳಿದ, ತಂತಿ ಒಂದಿಷ್ಟು ಜರುಗಿತು, ಮತ್ತೊಂದಿಷ್ಟು, ಆಮೇಲೆ ಸರ್ರನೆ — ಅಡುಗೆಮನೆಯ ತುದಿಯಲ್ಲಿ ಹೆಂಡತಿಯ ಬಳೆ ಸದ್ದಾಯಿತು, ಏನನ್ನೋ ಎಳೆದುಕೊಂಡ ಹಾಗೆ. ಬಂತು ಕಣೋ, ತಂತಿ ಬಂತು. ಏನು ಅಡ್ಡ ಇತ್ತು, ಅಕ್ಕಾ? ಒಂಚೂರು ಗಾರೆ ಅಷ್ಟೇ, ಉದುರಿ ಹೋಯ್ತು. ಹಾಗಾದ್ರೆ ನಿಮ್ಮ ಕೈ ಕೈಯೇ ಬಿಡಿ ಭಾವ, ಉಳಿ ಚೀಲ ಸೇರಿತು, ಗೋಡೆ ಉಳಿಯಿತು, ಮಾನವೂ — ಅಷ್ಟರಲ್ಲಿ ಪೈಪಿನೊಳಗಿಂದ, ಕಿವಿಯ ಹತ್ತಿರವೇ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ರೀ, ಆ ನಾಯಿಗೆ ಏನಂತೀರಿ ಈಗ. ಅವನು ಪೈಪಿಗೆ ಬಾಯಿ ಇಟ್ಟ, ನಾಯಿಗಲ್ಲ ಕಣೇ, ನಿನಗೆ — ಮಾತು ಮುಂದೆ ಹೋಗದೆ ಪೈಪಿನ ಬಾಯಲ್ಲೇ ಸಿಕ್ಕಿಕೊಂಡಿತು, ತಲೆಯೆತ್ತಿದರೆ ಕಿಟಕಿಯಾಚೆ ಅವಳ ಒದ್ದೆ ಕೈ, ಹಗ್ಗಕ್ಕೆ ಇನ್ನೊಂದು ಕ್ಲಿಪ್ಪು, ನೀಲಿಯ ಪಕ್ಕದಲ್ಲಿ ಗಾರೆ ಮೆತ್ತಿದ ನೀಲಿ, ಪೈಪಿನ ಆಕಾರಕ್ಕೇ ಸೆಟೆದು ನಿಂತದ್ದು, ಗಾಳಿ ಬಂದರೆ ಒಂದು ತೂಗುತ್ತದೆ, ಇನ್ನೊಂದು ತೂಗುವುದಿಲ್ಲ, ಒಂದು ತೂಗುತ್ತದೆ, ಇನ್ನೊಂದು —