ಪೇಟಿಯ ಅಂಚಿನ ಹಲ್ಲುಗುರುತು

ಕಿವಿಯ ಮಷೀನಿಗೆ ಇಪ್ಪತ್ತೆಂಟು ಸಾವಿರ, ಹಲ್ಲಿನ ಸೆಟ್ಟಿಗೆ ಹದಿನೈದು. ಇಷ್ಟು ಸುರಿದರೂ ಕಮಲಾಪುರದ ಪೇಟಿ ರಿಪೇರಿಯ ಆನಂದಕುಮಾರನಿಗೆ ಹಾರ್ಮೋನಿಯಂ ಪೇಟಿಯ ಸ್ವರ ಕೂಡಿಸಲು ಆಗುತ್ತಿರಲಿಲ್ಲ. ಪೈಸೆ ಖರ್ಚಿಲ್ಲದೆ ಕೂಡಿಸುತ್ತಿದ್ದವನು ಕಿವುಡ ಬುರ್ಹಾನುದ್ದೀನ್. ಈಗ ಅವನ ಜನಾಜಾಕ್ಕೆ ಹೆಗಲು ಕೊಟ್ಟು ಆನಂದಕುಮಾರ ಬುರ್ಹಾನನ ಊರಿನ ರೋಜಾ ಓಣಿಯಲ್ಲಿ ನಡೆಯುತ್ತಿದ್ದ.

ಹಿಂದೆ ಜನವೋ ಜನ. ಕಮಲಾಪುರದ ಭಜನೆಯವರೂ ಇದ್ದರು. ತನ್ನ ಅಂಗಡಿ ದಾಟಿ ಪೇಟಿಗಳನ್ನು ಇಲ್ಲಿಗೆ ತಂದವರು. ನಾಳೆ ನನಗೆ ಇದರ ಅರ್ಧ ಮಂದಿಯಾದರೂ ಬಂದಾರೆಯೆ ಎಂದು ಅವನ ಹೊಟ್ಟೆ ಉರಿಯಿತು.

“ಹೆಗಲ ಬದ್ಲಿ ಮಾಡ್ರಿ, ಆನಂದಣ್ಣ,” ಎಂದ ಚಹಾದಂಗಡಿಯ ಚಾಂದಪಾಶಾ. “ಜೀವ ಇದ್ದಾಗೂ ನಿಮ್ಗ ಭಾರ ಆಗಿದ್ದಾಂವ.”

* * *

ಆರು ವರ್ಷದ ಹಿಂದೆ ಬುರ್ಹಾನನ ಕಿವಿ ಹೋದಾಗ ಆನಂದಕುಮಾರನೇ ಸುದ್ದಿ ಹಬ್ಬಿಸಿದ್ದ: “ಏನೂ ಕೇಳಂಗಿಲ್ಲ ಅವಂಗ. ಪೇಟಿ ಕೆಡಸ್ತಾನ.” ಆದರೆ ಅಲ್ಲಿಂದ ಬಂದ ಪೇಟಿಗಳಲ್ಲಿ ಒಂದು ತಪ್ಪೂ ಸಿಗಲಿಲ್ಲ. ಕಡೆಗೆ ತಾನೇ ಹೋಗಿ, ‘ಹ್ಯಾಂಗ ಮಾಡ್ತಿ?’ ಎಂದು, ಗಿರಾಕಿಗಳು ಬರೆದು ಮಾತಾಡಲೆಂದು ಬುರ್ಹಾನ್ ಇಟ್ಟಿದ್ದ ಸ್ಲೇಟಿನ ಮೇಲೆ ಬರೆದು ತೋರಿಸಿದ.

“ಊರಿಗೆಲ್ಲ ಹೇಳಾಂವ ನೀ. ನಾ ಮ್ಯಾಲ ಹೋಗೋ ಮುಂದ ಹೇಳ್ತೇನಿ ತಗೋ,” ಎಂದು ನಕ್ಕು ಬುರ್ಹಾನ್ ಕೋಣೆಯ ಪರದೆ ಎಳೆದಿದ್ದ.

* * *

ಮಣ್ಣು ಕೊಟ್ಟು ಬುರ್ಹಾನನ ಕೋಣೆಗೆ ಬಂದ ಮೇಲೆ ಅವನ ಮಗ ಜಾವೀದ್ ಒಂದು ಪೇಟಿ ತಂದು ಮುಂದಿಟ್ಟ.

“ಕಾಕಾ, ಅಬ್ಬಾಂದು. ನಿಮಗ ಕೊಡು ಅಂದಾರ.”

ಅಂಚಿನ ಕಟ್ಟಿಗೆಯಲ್ಲಿ ಸಾಲು ಹಲ್ಲುಗುರುತು.

“ಕಚ್ಚಿ ಹಿಡೀತಿದ್ರು. ಸ್ವರದ ನಡುಕ ಕಟ್ಟಿಗ್ಯಾಗಿಂದ ಹಲ್ಲಿಗಿ, ಹಲ್ಲಿನಿಂದ ತಲಿ ಎಲುಬಿಗಿ ಬರ್ತದಂತ. ಕಿವಿ ಕೆಟ್ಟಿದ್ದು ಹೊರಗ, ಒಳಗಿನ ನರ ಚೊಲೋನೇ ಅದ ಅಂತಿದ್ರು.”

ಆನಂದಕುಮಾರ ಕಚ್ಚಿದ. ಜಾವೀದ್ ಗಾಳಿ ಹಾಕಿ ಒಂದು ಸ್ವರದ ಕೀ ಒತ್ತಿದ. ಸೆಟ್ಟು ಕಟಕಟ ಅಂದಿತೇ ಹೊರತು ಬೇರೇನೂ ಕೇಳಲಿಲ್ಲ.

“ಹದಿನೈದು ಸಾವಿರದ ಹಲ್ಲು ಹಾಡಾಕತ್ತಾವ,” ಎಂದ ಚಾಂದಪಾಶಾ.

ಆನಂದಕುಮಾರ ಹಲ್ಲು ಕಳಚಿ ವಸ್ತ್ರದಲ್ಲಿ ಸುತ್ತಿಟ್ಟ. ಮಷೀನೂ ತೆಗೆದ. ಬರಿ ದವಡೆಯನ್ನು ಕಟ್ಟಿಗೆಗೆ ಒತ್ತಿದ.

“ಎರಡೂ ರೀಡು ಕೂಡಿಸಿ ಒತ್ತಪ್ಪ.”

ಎಲುಬಿನೊಳಗೆ ಸ್ವರ ಎದ್ದಿತು. ಆ ಸ್ವರದ ಎರಡು ಹಿತ್ತಾಳೆ ರೀಡುಗಳ ನಾದ ಒಂದಾಗಿದ್ದರೆ ನಿಶ್ಚಲವಾಗಿ ನಿಲ್ಲಬೇಕು. ಇದು ಅಲೆಯಂತೆ ಏರಿಳಿಯುತ್ತಿತ್ತು. ಒಂದು ರೀಡು ಕೂದಲೆಳೆಯಷ್ಟು ಇಳಿದಿತ್ತು.

ಆರು ವರ್ಷ ಹುಡುಕಿದ ಮೇಲೆ ಬುರ್ಹಾನನ ಕೆಲಸದಲ್ಲಿ ಒಂದು ತಪ್ಪು ಸಿಕ್ಕಿತ್ತು. ಬೊಚ್ಚುಬಾಯಲ್ಲೇ ಹೇಳಲು ತಲೆಯೆತ್ತಿದ. ಎದುರಿನ ಗೂಟದಲ್ಲಿ ಸ್ಲೇಟು ನೇತಾಡುತ್ತಿತ್ತು. ಓದುವವನಿರಲಿಲ್ಲ.