ಹರಾಜಾದ ಭಾನುವಾರ

ಕುಂಟುವ ಕುರ್ಚಿಯ ಕಾಲಿನಡಿ ಅವಳು ರಟ್ಟಿನ ಚೂರು ತುರುಕುತ್ತಿದ್ದಾಗಲೇ ವಿಶ್ವವಿದ್ಯಾಲಯದವರ ಗುಂಪು ಒಳಗೆ ಬಂತು. ಗಂಡನ ದೇಹ ನಡುಮನೆಯಲ್ಲಿತ್ತು. ಬಂದವರನ್ನು ಕೂರಿಸಲು ನೆಟ್ಟಗಿನ ಒಂದು ಕುರ್ಚಿಯಿಲ್ಲ, ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ನಿಂತಿಲ್ಲ. ಸತ್ತವನೋ ಊರಿಗೆಲ್ಲ ರಿಪೇರಿ ರಾಯ!

ಅವನು ಭೌತಶಾಸ್ತ್ರ ವಿಭಾಗದ ಮೆಕ್ಯಾನಿಕ್. ಅವಳು ಅಲ್ಲೇ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತೆ.

"ನಮ್ಮನೆ ಮಿಕ್ಸಿ ಇನ್ನೂ ಓಡ್ತಿರೋದು ಅವರ ಕೈಗುಣದಿಂದ," ಎಂದು ಅಕೌಂಟ್ಸ್ ಸೂಪರಿಂಟೆಂಡೆಂಟರು ಕಣ್ಣೊರೆಸಿಕೊಂಡರು. "ಬಂದ್ರೆ ಸಂಜೆ ತನಕ ನಗಿಸಿ ನಗಿಸಿ ಸಾಕು ಮಾಡೋರು. ಎಂಥಾ ಮಾತುಗಾರ!"

ಮಾತುಗಾರನಂತೆ! ಮನೆಯಲ್ಲಿ ಆ ಬಾಯಿಂದ ಒಂದು "ಹೂಂ" ಹೊರಡಿಸಲು ಹರಸಾಹಸ ಪಡಬೇಕಿತ್ತು.

"ಅತ್ತಿಗೆ, ಒಂದ್ಸಲ ಅತ್ತುಬಿಡಿ, ಹಗುರ ಆಗುತ್ತೆ," ಎಂದು ನಾದಿನಿ ಕಿವಿಯಲ್ಲಿ ಹೇಳಿದಳು.

"ಎಲ್ಲರೂ ಅಳ್ತಾನೇ ಇದಾರಲ್ಲ. ನನಗೆಲ್ಲಿ ಉಳಿಸಿದಾರೆ?"

ಆಗ ಬಾಗಿಲಲ್ಲಿ ಲೈಬ್ರರಿ ಮೇಡಂ ಕಂಡಳು. ಬಿಳಿ ಹತ್ತಿ ಸೀರೆ, ಕೈಯಲ್ಲಿ ಮಡಿಸಿದ ಕರವಸ್ತ್ರ. ಬರಲಿ, ಇವಳೊಬ್ಬಳು ಬಾಕಿಯಿದ್ದಳು.

*

ಊರಿನ ಅನಾಥಾಲಯ, ವೃದ್ಧಾಶ್ರಮಗಳಿಗಾಗಿ ವಿಶ್ವವಿದ್ಯಾಲಯದ ನೌಕರರು ವರ್ಷಕ್ಕೊಮ್ಮೆ ದೇಣಿಗೆ ಅಭಿಯಾನ ನಡೆಸುತ್ತಿದ್ದರು. ಸಂಬಳದಲ್ಲಿ ಒಂದಿಷ್ಟು ಕೊಡುವುದು ಎಲ್ಲರಿಗೂ ಇದ್ದದ್ದೇ. ಅದರ ಮೇಲೆ ಕ್ಯಾಂಟೀನಿನಲ್ಲಿ ಹರಾಜು. ಕೈಕೆಲಸ ಗೊತ್ತಿದ್ದವರು ತಮ್ಮ ಒಂದು ದಿನವನ್ನು ಹರಾಜಿಗಿಡುವರು, ಗೆದ್ದವರ ಹಣ ಆಶ್ರಮಕ್ಕೆ. ಅವನು ಇಡುತ್ತಿದ್ದದ್ದು ಒಂದು ಭಾನುವಾರ. ಸೋತವರೂ ಬಿಡಬೇಕಲ್ಲ, "ನಾವೂ ಆಶ್ರಮಕ್ಕೆ ಕೊಡ್ತೀವಿ, ನಮ್ಮನೆಗೂ ಬನ್ನಿ" ಎಂದು ದುಂಬಾಲು ಬೀಳುವರು. ಹೀಗೆ ಒಂದು ಹೋಗಿ ಅವನ ಭಾನುವಾರಗಳೆಲ್ಲ ಊರ ಪಾಲಾದವು.

ಮೂರು ವರ್ಷದ ಹಿಂದೆ ಅವಳಿಗೆ ತಡೆಯದಾಯಿತು. ತುಂಬಿದ ಕ್ಯಾಂಟೀನಿನಲ್ಲಿ ಕೈ ಎತ್ತಿ ಸವಾಲು ಕೂಗಿಯೇಬಿಟ್ಟಳು.

"ಏನ್ರೀ, ಮನೆಯವರನ್ನೇ ಹರಾಜಲ್ಲಿ ಕೊಂಡ್ಕೋತೀರಾ?" ಎಂದು ಸೂಪರಿಂಟೆಂಡೆಂಟರು ಕಿಚಾಯಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ವೇದಿಕೆಯ ಮೇಲಿದ್ದ ಗಂಡನೂ ನಕ್ಕ. ಅವಳು ಹಟ ಹಿಡಿದು ಮೇಲೆ ಮೇಲೆ ಕೂಗಿದಳು. ಲೈಬ್ರರಿ ಮೇಡಂ ತಣ್ಣಗೆ ಇನ್ನೂ ಮೇಲೆ ಹೋಗಿ ಗೆದ್ದಳು. ಅವಳ ಮನೆಯ ಗೋಡೆ ಗಡಿಯಾರ ಕೆಟ್ಟಿದೆಯಂತೆ.

ಆ ರಾತ್ರಿ ಅವನು ಕೇಳಿದ, "ನೀನ್ಯಾಕೆ ಕೂಗೋಕೆ ಹೋದೆ? ನಾನು ಮನೇಲೇ ಇರ್ತೀನಲ್ಲ."

"ಇರ್ತೀರಾ?" ಎಂದಳು ಅವಳು.

ಅವನು ಗೋಡೆಯ ಕಡೆಗೆ ಮಗ್ಗುಲಾದ.

*

"ನಿಮಗೊಂದು ಹೇಳಬೇಕಿತ್ತು," ಎಂದು ಲೈಬ್ರರಿ ಮೇಡಂ ಅವಳನ್ನು ಅಡುಗೆಮನೆಗೆ ಕರೆದೊಯ್ದಳು. "ಆ ಹರಾಜಿನ ಭಾನುವಾರ ಅವರು ನಮ್ಮನೇಲಿ ಗಡಿಯಾರ ಮುಟ್ಟಲೇ ಇಲ್ಲ. ಎರಡು ನಿಮಿಷ ಸುಧಾರಿಸ್ಕೋತೀನಿ ಅಂತ ಕಿಟಕಿ ಹತ್ರ ಬೆತ್ತದ ಕುರ್ಚೀಲಿ ಕೂತರು, ಹಾಗೇ ನಿದ್ದೆ ಹೋದರು. ಸಂಜೆ ತನಕ. ನಾನು ಸದ್ದು ಮಾಡದೆ ಓದ್ತಾ ಕೂತಿದ್ದೆ. ಎದ್ದವರು ಪಾಪ ನಾಚಿಕೊಂಡು, ಯಾರಿಗೂ ಹೇಳಬೇಡಿ ಅಂದರು."

"ಗಡಿಯಾರ?"

"ಇನ್ನೂ ನಿಂತೇ ಇದೆ. ಮತ್ತೆ ಕರೆಯೋಕೆ ಮನಸ್ಸಾಗಲಿಲ್ಲ. ತುಂಬಾ ದಣಿದಿದ್ರು."

ಗಡಿಯಾರ ರಿಪೇರಿ ಮಾಡಿದ್ದರೆ ಕ್ಷಮಿಸಬಹುದಿತ್ತು. ಹರಟೆ ಹೊಡೆದಿದ್ದರೂ ಹಾಳಾಗಲಿ ಎನ್ನಬಹುದಿತ್ತು. ಆದರೆ ನಿದ್ದೆ! ರಾತ್ರಿಯಿಡೀ ಮಗ್ಗುಲು ಬದಲಿಸುತ್ತಿದ್ದ ಗಂಡಸು ಇವಳ ಕಿಟಕಿಯ ಪಕ್ಕ ಮಗುವಿನಂತೆ ಮಲಗಿದ್ದನಂತೆ, ಇವಳು ನೋಡುತ್ತ ಕೂತಿದ್ದಳಂತೆ. ಅವಳಿಗೆ ಆ ಬಿಳಿ ಸೀರೆಯ ಸೆರಗು ಹಿಡಿದು ಎಳೆಯಬೇಕೆನಿಸಿತು.

ಹಿಂದೆ ನಲ್ಲಿ ತೊಟ್ಟಿಕ್ಕಿತು.

"ನಾನಾಗಿದ್ರೆ ಎಬ್ಬಿಸ್ತಿದ್ದೆ," ಎಂದಳು. "ಈ ನಲ್ಲಿ ಸರಿ ಮಾಡ್ರೀ ಅಂತ ಎಬ್ಬಿಸೇಬಿಡ್ತಿದ್ದೆ." ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು, ಅದೂ ಈ ಹೆಂಗಸಿನ ಎದುರಿಗೇ.

*

ಎಲ್ಲ ಮುಗಿಸಿ ಮಸಣದಿಂದ ಹಿಂದಿರುಗುವಾಗ ಅವಳು ನೌಕರರ ವಸತಿಗೃಹಗಳ ಬಳಿ ವ್ಯಾನು ನಿಲ್ಲಿಸಲು ಹೇಳಿದಳು.

"ಅತ್ತಿಗೆ, ಇವತ್ತು, ಈ ಹೊತ್ತಲ್ಲಿ ಎಲ್ಲಿಗೆ?" ನಾದಿನಿ ಗಾಬರಿಯಾದಳು.

"ನಂದೊಂದು ಇಲ್ಲಿ ಉಳಿದಿದೆ."

ಲೈಬ್ರರಿ ಮೇಡಂ ಬಾಗಿಲು ತೆಗೆದು ಕಕ್ಕಾಬಿಕ್ಕಿಯಾಗಿ ನಿಂತಳು. ಅವಳು ಕೇಳದೆಯೇ ಒಳಗೆ ನಡೆದಳು. ಗೋಡೆಯ ಮೇಲೆ ಗಡಿಯಾರ ನಿಂತಿತ್ತು. ಕಿಟಕಿಯ ಬಳಿ ಬೆತ್ತದ ಕುರ್ಚಿಯಿತ್ತು, ನಡುವೆ ಸ್ವಲ್ಪ ಜಗ್ಗಿದ್ದು.

"ಇದೇನಾ?"

"ಹೂಂ. ಕೂತ್ಕೊಳ್ಳಿ, ನೀರು ತರ್ತೀನಿ."

"ನೀರು ಬೇಡ. ನಾನಾಗೇ ಏಳೋ ತನಕ ಎಬ್ಬಿಸಬೇಡಿ."

ಮೇಡಂ ಪರದೆ ಎಳೆದು, ತುದಿಗಾಲಲ್ಲಿ ನಡೆದು ತನ್ನ ಜಾಗದಲ್ಲಿ ಕುಳಿತಳು. ಪುಸ್ತಕ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಬೆತ್ತದ ಕುರ್ಚಿಯಲ್ಲಿ ಕೂತವಳ ಉಸಿರು ನಿಧಾನವಾಯಿತು, ತಲೆ ಒಂದು ಪಕ್ಕಕ್ಕೆ ವಾಲಿತು. ಕೈಗಳು ಮಾತ್ರ ಕುರ್ಚಿಯ ಎರಡೂ ತೋಳುಗಳನ್ನು ಬಿಗಿಯಾಗಿ ಹಿಡಿದೇ ಇದ್ದವು, ಯಾರಾದರೂ ಮತ್ತೆ ಹೆಚ್ಚಿನ ಸವಾಲು ಕೂಗಿ ಕಿತ್ತುಕೊಂಡಾರು ಎಂಬಂತೆ.